ಪದಚರ್ಚೆ: ‘ಮ್ಯಾಶ್ ಟನ್’ಗೆ ಬಾನಿ ಅನ್ನೋಣವಾ, ಹಂಡೆ ಅನ್ನೋಣವಾ?

ಎಲ್ಲರಿಗೂ ನಮಸ್ಕಾರ.

ಬಿಯರ್ ಮಾಡುವಾಗ ಕಾಳನ್ನು ಬಿಸಿನೀರಲ್ಲಿ ಕಲಸಿ ಮುಚ್ಚಿಡುವ ಪಾತ್ರೆಗೆ ಇಂಗ್ಲಿಷಿನಲ್ಲಿ ‘ಮ್ಯಾಶ್ ಟನ್’ ಅಂತಾರೆ. ಅದಕ್ಕೆ ಕನ್ನಡದ ಒಂದು ಪದ ಬೇಕಾಗಿದೆ. ಒಂದು ಪಾತ್ರೆಯೂ ಬೇಕಾಗಿದೆ, ಅದನ್ನು ನಾನೇ ಕೊಂಡುಕೊಳ್ಳುತ್ತೇನೆ ಬಿಡಿ.

ನನ್ನದು ಮಂಡ್ಯದ ಕಡೆ. ಈಗಿರುವುದು ಅಮೆರಿಕದ ಆರೆಗಾನ್‌ನಲ್ಲಿ. ಇಲ್ಲಿ ಮೂರು ಕನ್ನಡದ ಮನೆಯವರು ಸೇರಿ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತೇವೆ. 1978ರ ಕಾನೂನಿನ ಪ್ರಕಾರ ಇಬ್ಬರು ದೊಡ್ಡವರಿರುವ ಮನೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ಮಾಡಿಕೊಳ್ಳಬಹುದು. (ಊರಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಇದನ್ನು ಓದಿ ಯಾರೂ ಒಲೆ ಹಚ್ಚಬೇಡಿ.) ಇಷ್ಟು ದಿನ ಸಲಕ್ಕೆ 5 ಗ್ಯಾಲನ್, ಅಂದರೆ 19 ಲೀಟರ್ ಮಾಡುತ್ತಿದ್ದೆವು. ಈಗ 10 ಗ್ಯಾಲನ್‌ಗೆ ಏರಿಸಿದ್ದೇವೆ. ಕೆಲಸದ ಹಂತಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ.

‘ಮ್ಯಾಶ್ ಟನ್ ತೊಳೆದು ಬಿಸಿ ಮಾಡಿಕೊಳ್ಳಿ’ ಅಂತ ಬರೆದು, ಅದರ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ದೊಡ್ಡಪ್ಪ ಫೋನ್ ಮಾಡಿದರು. “ಏನ್ಲಾ, ಟನ್‌ಗಟ್ಲೆ ಕಾಯಿಸ್ತಿದ್ದೀಯಂತೆ? ಅಲ್ಲೂ ಕಬ್ಬು ಅರೀತೀರಾ?”

ಅವರದೇನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ತೂಕದ ಟನ್ನಿಗೂ ಪೀಪಾಯಿಯ ಟನ್ನಿಗೂ ಸ್ಪೆಲಿಂಗ್ ಬೇರೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ. ತಮಾಷೆ ಅಂದರೆ ಹುಟ್ಟಿನಲ್ಲೂ ಎರಡೂ ಒಂದೇ ಪದ. ಟನ್ ಅಂದರೆ ಹಿಂದಿನ ಕಾಲದ ದೊಡ್ಡ ವೈನ್ ಪೀಪಾಯಿ, 252 ಗ್ಯಾಲನ್, ಸುಮಾರು 950 ಲೀಟರ್ ಹಿಡಿಯುವಂಥದ್ದು. ಅಷ್ಟು ವೈನಿನ ತೂಕವೇ ಮುಂದೆ ತೂಕದ ಟನ್ ಆಯಿತು. ಮಂಡ್ಯದಲ್ಲಿ ಕಬ್ಬಿನ ಲಾರಿ ತೂಗುವವರು ಗೊತ್ತಿಲ್ಲದೇ ಪೀಪಾಯಿ ಎಣಿಸುತ್ತಿದ್ದಾರೆ!

‘ಮ್ಯಾಶ್’ ಇನ್ನೂ ಕಷ್ಟ. ನಿಘಂಟು ನೋಡಿದರೆ ಕಿವುಚು, ನುರಿ ಅಂತ ಬರುತ್ತೆ. ಇಲ್ಲಿ ಯಾರೂ ಏನನ್ನೂ ಕಿವುಚಲ್ಲ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು ತರಿತರಿಯಾಗಿ ಒಡೆದು, ಬಿಸಿನೀರಲ್ಲಿ ಕಲಸಿ, 65ರಿಂದ 68 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿಡುತ್ತೇವೆ, ಅಷ್ಟೇ. ಗ್ಯಾರೇಜ್ ತುಂಬ ಹಾರ್ಲಿಕ್ಸ್ ವಾಸನೆ. ಕಾಳಿನೊಳಗಿನ ಎನ್‌ಜೈಮ್‌ಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಮೊಳಕೆ ರಾಗಿಯ ಗಂಜಿ ತೆಳ್ಳಗೆ, ಸಿಹಿಯಾಗಿ ಇರುತ್ತಲ್ವಾ? ಅದೂ ಇದರಿಂದಲೇ. ಶಾಖ 80 ದಾಟಿದರೆ ಎನ್‌ಜೈಮ್ ಕೆಟ್ಟುಹೋಗುತ್ತೆ, ತಣ್ಣಗಾದರೆ ಕೆಲಸ ಕುಂಟುತ್ತೆ. ಹಾಗಾಗಿ ‘ಕುದಿಸು’ ಅನ್ನೋಕಾಗಲ್ಲ, ‘ನೆನೆಹಾಕು’ ಅಂದರೆ ತಣ್ಣೀರು ನೆನಪಾಗುತ್ತೆ. ಕೋಳಿ ಮೊಟ್ಟೆ ಮೇಲೆ ಕೂತಂಥ ಕೆಲಸ ಇದು. ನನಗೆ ಹೊಳೆದದ್ದು ‘ಕಾವು’. ಮ್ಯಾಶ್ ಮಾಡು ಅನ್ನೋದಕ್ಕೆ ‘ಕಾವಿಗಿಡು’ ಅಂದರೆ ಹೇಗೆ?

ಇನ್ನು ಪಾತ್ರೆ. ಬಸಿದ ರಸಕ್ಕೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಹಾಕಿ ಕುದಿಸೋದಕ್ಕೆ ಬೇರೆ ಪಾತ್ರೆಯಿದೆ. ಅದು ಕೊಪ್ಪರಿಗೆಯೇ. ಆಲೆಮನೆ ನೋಡಿದವರು ಇದರಲ್ಲಿ ಎರಡು ಮಾತಾಡಲ್ಲ. ಜಗಳ ಇರೋದು ಕಾವಿಗಿಡುವ ಪಾತ್ರೆಯದು. ಹಂಡೆ ಅಂದ ಕೂಡಲೇ ಕಣ್ಣಿಗೆ ಬರೋದು ಬಚ್ಚಲ ಹಂಡೆ, ಕೆಳಗೆ ಉರಿಯೋ ಸೌದೆ. ಬಾನಿಗೆ ಬಾಯಿ ಅಗಲ, ಬೆಂಕಿಯ ನಂಟಿಲ್ಲ. ಅಜ್ಜಿ ಮನೆಯ ಕೊಟ್ಟಿಗೆ ಪಕ್ಕ ಕಲಗಚ್ಚಿನ ಬಾನಿ ಇತ್ತು. ನಮ್ಮ ಕಾಳಿನ ಚರಟವನ್ನೂ ದನ ಖುಷಿಯಾಗಿ ತಿನ್ನುತ್ತೆ. ಆ ಲೆಕ್ಕದಲ್ಲೂ ಬಾನಿಯೇ ಹತ್ತಿರ.

ಆದರೆ ಯಾವ ಪಾತ್ರೆ ಕೊಳ್ಳುತ್ತೇನೆ ಅನ್ನೋದರ ಮೇಲೆ ಪದವೂ ಬದಲಾಗಬಹುದು. ಈಗಿರುವುದು ಮದುವೆಮನೆಯಲ್ಲಿ ಕುಡಿಯುವ ನೀರಿಗೆ ಇಡುತ್ತಾರಲ್ಲ, ನಲ್ಲಿಯಿರೋ ದಪ್ಪಗೋಡೆಯ ಪ್ಲಾಸ್ಟಿಕ್ ಡ್ರಮ್ಮು, ಅಂಥದ್ದು. 38 ಲೀಟರಿನದು. ಕಿಲೋ ಕಾಳಿಗೆ 3 ಲೀಟರ್ ನೀರು ಹಾಕಿದರೆ ಎರಡೂ ಸೇರಿ ಸುಮಾರು 3.7 ಲೀಟರ್ ಜಾಗ ಬೇಕು. ಸಾಧಾರಣ ಬಿಯರ್ 10 ಗ್ಯಾಲನ್‌ಗೆ 10 ಕಿಲೋ ಕಾಳು, ಅಂದರೆ 37 ಲೀಟರ್. ಲೆಕ್ಕದಲ್ಲಿ ಹಿಡಿಸುತ್ತೆ. ಸೌಟು ಆಡಿಸಿದರೆ ನೆಲಕ್ಕೆ ಚೆಲ್ಲುತ್ತೆ. ಚೆಲ್ಲಿತು ಕೂಡ. ಒಂದು ಸಂಜೆಯೆಲ್ಲ ಗ್ಯಾರೇಜ್ ಉಜ್ಜಿದೆ. ಗಟ್ಟಿ ಬಿಯರ್‌ಗೆ 13 ಕಿಲೋ ಹಾಕಿದರೆ 48 ಲೀಟರ್. ಹಿಡಿಸುವ ಮಾತೇ ಇಲ್ಲ.

ಮುಂದಿರುವ ದಾರಿ ಎರಡು. 66 ಲೀಟರಿನ ಐಸ್ ಪೆಟ್ಟಿಗೆ, ಇಲ್ಲವೇ 57 ಲೀಟರಿನ ಸ್ಟೀಲ್ ಪಾತ್ರೆ. ಪೆಟ್ಟಿಗೆ ಅಗ್ಗ, ಮುಚ್ಚಿಟ್ಟರೆ ಕಾವು ತಾನೇ ಹಿಡಿದುಕೊಳ್ಳುತ್ತೆ. ಸ್ಟೀಲಿಗೆ ಕಂಬಳಿ ಸುತ್ತಬೇಕು. ಆದರೆ ಆರಿದರೆ ಕೆಳಗೆ ಸಣ್ಣ ಉರಿ ಕೊಡಬಹುದು. ಆಗ ಅದು ಹಂಡೆಯೇ ಆಗಿಬಿಡುತ್ತಲ್ವಾ? ನನ್ನ ಮನಸ್ಸು ಪೆಟ್ಟಿಗೆ ಕಡೆಗಿದೆ. ಹಾಗಾಗಿ ಸದ್ಯಕ್ಕೆ ‘ಕಾವುಬಾನಿ’ ಅಂತ ಬರೆದಿದ್ದೇನೆ.

ಉಳಿದ ಪದಗಳಿಗೆ ಅಡುಗೆಮನೆಯೇ ಸಾಕಾಯಿತು. ಪಾತ್ರೆಯ ತಳದಲ್ಲಿ ಕಾಳನ್ನು ತಡೆದು ರಸ ಮಾತ್ರ ಇಳಿಸುವ ತೂತಿನ ತಟ್ಟೆಗೆ ‘ಸಿಬ್ಬಲು’, ಅನ್ನ ಬಸಿಯೋಕೆ ಇಡುತ್ತಿದ್ದರಲ್ಲ, ಅದೇ. ಇಳಿದ ಸಿಹಿ ರಸಕ್ಕೆ ‘ಸಿಹಿಗಟ್ಟು’. ಬಸ್ಸಾರಿಗೆ ಬೇಳೆ ಬಸಿದ ನೀರು ಕಟ್ಟು ತಾನೇ? ಉಳಿದ ಕಾಳಿನ ಮೇಲೆ ಮತ್ತೆ ಬಿಸಿನೀರು ಸುರಿದು ಇನ್ನಷ್ಟು ರಸ ಇಳಿಸೋದಕ್ಕೆ ‘ಎರಡನೇ ಡಿಕಾಕ್ಷನ್’. ಇದಕ್ಕೆ ಗ್ಯಾರೇಜಿನಲ್ಲಿ ಎಲ್ಲರೂ ಕೂಡಲೇ ಒಪ್ಪಿದರು. ಗೋಧಿ ಜಾಸ್ತಿ ಹಾಕಿದ ದಿನ ರಸ ಇಳಿಯದೆ ಕಟ್ಟಿಕೊಳ್ಳುತ್ತೆ, ಆಗ ಭತ್ತದ ಹೊಟ್ಟು ಬೆರೆಸುತ್ತೇವೆ. ಅದಕ್ಕೆ ಹೊಸ ಪದ ಬೇಡ.

ಒಂದು ತಕರಾರು ಮಾತ್ರ ಹೇಳಲೇಬೇಕು. ‘ಬಿಯರ್ ಬಟ್ಟಿ ಇಳಿಸುವುದು’ ಅಂತ ಬರೆಯೋದನ್ನು ದಯವಿಟ್ಟು ಬಿಡಿ. ಬಟ್ಟಿ ಇಳಿಸೋದು ಅಂದರೆ ಆವಿ ಎಬ್ಬಿಸಿ ತಣಿಸಿ ಹಿಡಿಯೋದು. ಬಿಯರ್‌ನಲ್ಲಿ ಆ ಕೆಲಸವೇ ಇಲ್ಲ, ಇದು ಬರೀ ಹುದುಗು ಬರಿಸೋದು. ನಾನು ಹೇಳಿದ ಕಾನೂನೂ ಬಟ್ಟಿಗೆ ಅವಕಾಶ ಕೊಟ್ಟಿಲ್ಲ. ಒಂದು ಪದ ಆಚೀಚೆಯಾದರೆ ನಾವು ಕಳ್ಳಬಟ್ಟಿಯವರಾಗುತ್ತೇವೆ.

ಈಗ ನನ್ನ ಪ್ರಶ್ನೆ. ಬೆಂಕಿಯಿಲ್ಲದೆ ಬಿಸಿಯನ್ನು ಹಿಡಿದಿಡುವ ದೊಡ್ಡ ಪಾತ್ರೆಗೆ ಧಾರವಾಡದ ಕಡೆ, ಕರಾವಳಿಯಲ್ಲಿ, ಮಲೆನಾಡಲ್ಲಿ ಬೇರೆ ಹೆಸರಿದೆಯಾ? ‘ಕಾವಿಗಿಡು’ ಅಂದರೆ ನಿಮ್ಮ ಕಿವಿಗೆ ಬರೀ ಕೋಳಿಯೇ ಕೇಳಿಸುತ್ತಾ? ಸಿಬ್ಬಲಿಗೆ ನಿಮ್ಮಲ್ಲಿ ಏನಂತಾರೆ, ಅದನ್ನೂ ಬರೆಯಿರಿ. ಚೀಟಿ ಇನ್ನೂ ಪೆನ್ಸಿಲಿನಲ್ಲೇ ಇದೆ.