ಪದ ಬೇಕು: ಬಣ್ಣ ಹಚ್ಚಿದ ಪುಟ್ಟ ಸಿಪಾಯಿಗಳಿಗೆ ಕನ್ನಡದಲ್ಲಿ ಏನಂತೀರಿ?

ಮಣ್ಣಗುಡ್ಡೆ, ಮಂಗಳೂರಿನಿಂದ:

ನಮಸ್ಕಾರ. ಸ್ವಲ್ಪ ಅರ್ಜೆಂಟು ಉಂಟು. ಬರುವ ಭಾನುವಾರ ಕದ್ರಿ ಹತ್ತಿರ ಒಂದು ಹಾಲಿನಲ್ಲಿ ನಾವೊಂದಿಷ್ಟು ಜನ ಸೇರಿ ಪ್ರದರ್ಶನ ಇಡುತ್ತಿದ್ದೇವೆ. ಬೋರ್ಡಿನವರು ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತಿದ್ದಾರೆ. ಇಂಗ್ಲಿಷ್ ಬೋರ್ಡು ರೆಡಿ. ಕನ್ನಡದ್ದು ಮೊದಲ ಸಾಲಿನಲ್ಲೇ ನಿಂತಿದೆ.

ವಿಷಯ ಇದು. ಲೋಹದ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಸಿಪಾಯಿಗಳು. 28 ಮಿಲಿಮೀಟರ್ ಎತ್ತರ, ಅಂದರೆ ಒಂದಿಂಚಿಗಿಂತ ತುಸು ಜಾಸ್ತಿ. (ಅಡಿಯಿಂದ ಕಣ್ಣಿನವರೆಗೋ ನೆತ್ತಿವರೆಗೋ ಅಂತ ಈ ಹವ್ಯಾಸದವರಲ್ಲೇ ಜಗಳ ಉಂಟು, ಅದು ಬೇರೆ.) ಯಾವುದೋ ಒಂದು ಕಾಲದ, ಒಂದು ಯುದ್ಧದ ಸೈನ್ಯವನ್ನು ಆರಿಸಿಕೊಳ್ಳುವುದು, ಆಗಿನ ಸಮವಸ್ತ್ರ ಹೇಗಿತ್ತೋ ಹಾಗೇ ಬಣ್ಣ ಹಚ್ಚುವುದು, ಆಮೇಲೆ ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಮಾಡಿ ದಾಳ ಹಾಕಿ, ಅಳತೆ ಟೇಪು ಹಿಡಿದು ಯುದ್ಧ ಆಡುವುದು. ನಾವು ತೆಗೆದುಕೊಂಡದ್ದು ನಮ್ಮೂರಿನದ್ದೇ, 1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಟಿಪ್ಪು ಹಾಕಿದ ಮಂಗಳೂರು ಮುತ್ತಿಗೆ. ಕೋಟೆಯೊಳಗೆ ಇಂಗ್ಲಿಷರ ಕರ್ನಲ್ ಕ್ಯಾಂಬೆಲ್, ಅವನ ಜೊತೆ ಸ್ಕಾಟಿಷ್ ರೆಜಿಮೆಂಟಾದ 42ನೇ ಹೈಲ್ಯಾಂಡರ್ಸ್‌ನ ಎರಡನೇ ಬೆಟಾಲಿಯನ್ ಮತ್ತು ಬೊಂಬಾಯಿ ಸಿಪಾಯಿಗಳು. ಹೊರಗೆ ಟಿಪ್ಪುವಿನ ದಂಡು. ಯುರೋಪಿನಲ್ಲಿ ಸಂಧಿ ಆದ ಸುದ್ದಿ ಬರುವವರೆಗೆ ಫ್ರೆಂಚರೂ ಅವನ ಕಡೆ.

ಬೇಕಾದ ಪದಗಳು: ಮೊದಲನೆಯದು ‘ಮಿನಿಯೇಚರ್’, ಇದು ದೊಡ್ಡ ಅಕ್ಷರದಲ್ಲಿ ಬರುವುದು. ಆಮೇಲೆ ಪಕ್ಕದ ಫಲಕದಲ್ಲಿ ಬಣ್ಣ ಹಚ್ಚುವ ಕ್ರಮ ಬರೆಯಬೇಕು, ಅಲ್ಲಿಗೆ ‘ವಾಶ್’, ‘ಡ್ರೈ ಬ್ರಶ್’, ‘ಬೇಸ್’. ಡಿಕ್ಷನರಿ ನೋಡಿದೆ. ‘ಒಣ ಕುಂಚ’ ಅಂತ ಬರೆದರೆ ಓದಿದವರಿಗೆ ಏನೂ ಅರ್ಥ ಆಗುವುದಿಲ್ಲ.

ಸುರತ್ಕಲ್‌ನಿಂದ, ಅನುವಾದಕಿ:

‘ಕಿರುಪುತ್ಥಳಿ’ ಹಾಕಿ, ಮುಗಿಯಿತು. ‘ಚಾರಿತ್ರಿಕ ಕಿರುಪುತ್ಥಳಿಗಳು’. ಉಳಿದದ್ದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆಯಿರಿ, ಯಾರೂ ಸಾಯುವುದಿಲ್ಲ.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ಅರಿಸಮಾಸ, ಕನ್ನಡದ ‘ಕಿರು’ವಿಗೆ ಸಂಸ್ಕೃತ ಪದ ಕಟ್ಟಿದ್ದು. ಗಮಕ ಸಮಾಸವೂ ಅಲ್ಲ, ಕ್ರಿಯಾಸಮಾಸವೂ ಅಲ್ಲ, ಶುದ್ಧ ಕರ್ಮಧಾರಯ, ಹಾಗಾಗಿ ವ್ಯಾಕರಣಕಾರ ಕೇಶಿರಾಜ ವಿನಾಯಿತಿಗೆ ಬಿಟ್ಟ ಬಾಗಿಲಿನಿಂದಲೂ ನುಗ್ಗಲು ಆಗುವುದಿಲ್ಲ. ಕವಿರಾಜಮಾರ್ಗದ ಕಾಲದಿಂದ ಹೇಳುತ್ತಾ ಬಂದಿದ್ದಾರೆ, ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿಡಬೇಡಿ ಅಂತ.

ಕನ್ನಡದಲ್ಲಿ ಪದ ಇದೆ. ‘ಚಿಕಣಿ’. ಚಿಕಣಿ ಚಿತ್ರ ಅನ್ನುವುದಿಲ್ಲವೇ? ಹಾಗೆಯೇ ಚಿಕಣಿ ಸೈನಿಕ. ‘ಚಿಕ್ಕ’ದಿಂದ ಬಂದದ್ದು, ಅಚ್ಚಗನ್ನಡ.

ಬಿಜೈಯಿಂದ:

ಮಾಷ್ಟ್ರೇ, ಚಿಕಣಿ ಅಂದರೆ ನಮ್ಮ ಅಂಗಡಿಯಲ್ಲಿ ಅಡಿಕೆ.

ಸುರತ್ಕಲ್‌ನಿಂದ, ಅನುವಾದಕಿ:

ಕಿರುಚಿತ್ರ, ಕಿರುನಾಟಕ, ಕಿರುಪರಿಚಯ. ಇವನ್ನೆಲ್ಲ ಎಲ್ಲಿಗೆ ಎತ್ತಿ ಹಾಕುತ್ತೀರಿ ಮಾಷ್ಟ್ರೇ? ಪಾಠಪುಸ್ತಕದವರೇ ಬಳಸುತ್ತಾರೆ. ಮತ್ತೆ ಚಿಕಣಿ ಅಚ್ಚಗನ್ನಡ ಅನ್ನುವುದಕ್ಕೆ ಆಧಾರ ಎಲ್ಲಿ? ಸಂಸ್ಕೃತದಲ್ಲಿ ‘ಚಿಕ್ಕಣ’ ಅಂದರೆ ನುಣುಪು. ಮರಾಠಿಯಲ್ಲಿ, ಹಿಂದಿಯಲ್ಲಿ ನುಣ್ಣಗಿದ್ದ ಅಡಿಕೆಗೆ ಅದೇ ಪದ. ಬಿಜೈಯವರು ಹೇಳಿದ್ದು ತಮಾಷೆ ಅಲ್ಲ, ವ್ಯುತ್ಪತ್ತಿ ಅಲ್ಲೇ ಉಂಟು.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ನುಣುಪಿಗೂ ಪುಟ್ಟ ಚಿತ್ರಕ್ಕೂ ಏನು ಸಂಬಂಧ? ಎರಡು ಬೇರೆ ಪದಗಳು, ರೂಪ ಒಂದಾಗಿದೆ ಅಷ್ಟೇ. ಚಿಕ್ಕ, ಚಿಕ್ಕಣ್ಣ, ಚಿಕ್ಕಮ್ಮ, ಚಿಕಣಿ. ಕಿವಿ ಇದ್ದವರಿಗೆ ಕೇಳಿಸುತ್ತದೆ. ಪಾಠಪುಸ್ತಕದವರು ಬಳಸಿದ್ದು ಸರಿ ಅಂತಾದರೆ ಈ ಚರ್ಚೆ ಯಾಕೆ?

ಬ್ರಹ್ಮಾವರದಿಂದ:

ನಮ್ಮಲ್ಲಿ ಬಣ್ಣ ಹಚ್ಚಿದ ಮರದ ಮೂರ್ತಿಗೆ ‘ಉರು’ ಅನ್ನುತ್ತೇವೆ. ಮೆಕ್ಕೆಕಟ್ಟು ದೇವಸ್ಥಾನಕ್ಕೆ ಹೋದವರಿಗೆ ಗೊತ್ತು. ಕುದುರೆ, ಕಾವಲಿನವರು, ಎಲ್ಲರೂ ಇದ್ದಾರೆ, ಕಣ್ಣಿಗೆ ಹೊಡೆಯುವ ಕೆಂಪು ಬಣ್ಣ. ಕರಾವಳಿಯದ್ದೇ ಪದ ಇರುವಾಗ ಸಂಸ್ಕೃತ, ಮರಾಠಿ ಎಲ್ಲ ಯಾಕೆ? ‘ಕಿರಿಯುರು’ ಮಾಡಿ.

ಮಣ್ಣಗುಡ್ಡೆ, ಮಂಗಳೂರಿನಿಂದ:

ಬೇಡ ಮಾರಾಯ್ರೇ. ಉರುವಿಗೆ ಪೂಜೆ ಉಂಟು, ನಡೆ ಉಂಟು, ಮೆಕ್ಕೆಕಟ್ಟಿನದ್ದಂತೂ ಆಳೆತ್ತರ. ನಾನು ಕಂಪೆನಿ ಸಿಪಾಯಿಯನ್ನು ಉರು ಅಂತ ಕರೆದು, ಆಮೇಲೆ ದಾಳದಲ್ಲಿ ಒಂದು ಬಿತ್ತು ಅಂತ ಅವನನ್ನು ಮಗುಚಿ ಬದಿಗಿಟ್ಟರೆ ಸುಮ್ನೆ ಇಲ್ಲದ ರಗಳೆ. ಹಾಲಿನಲ್ಲಿ ಅರ್ಧ ಜನ ನಂಬುವವರೇ ಇರುತ್ತಾರೆ.

ಚಿಕಣಿಗೆ ನನ್ನ ತಕರಾರು ಬೇರೆ. ಅದನ್ನು ಓದಿದ ಕೂಡಲೇ ಜನ ಗೋಡೆ ಮೇಲೆ ಚಿತ್ರ ಹುಡುಕುತ್ತಾರೆ, ಮೇಜು ನೋಡುವುದಿಲ್ಲ. ‘ಪುತ್ಥಳಿ’ ಅಂದರೆ ಸರ್ಕಲ್ಲಿನಲ್ಲಿ ಹಾರ ಹಾಕುವ ಕಂಚಿನದ್ದು ನೆನಪಾಗುತ್ತದೆ, ಎಷ್ಟು ಕಿರು ಮಾಡಿದರೂ. ‘ಗೊಂಬೆ’ ಅನ್ನಲು ಆಗುವುದಿಲ್ಲವಾ? ನಮ್ಮ ಗುಂಪಿನವರು ಮಾತ್ರ ಒಪ್ಪುತ್ತಿಲ್ಲ. ಮಕ್ಕಳ ಆಟಿಕೆ ಅಂತ ತಿಳಿದು ಹುಡುಗರು ಕೈ ಹಾಕಿದರೆ ಬಂದೂಕಿನ ತುದಿ ಮೊದಲು ಬಗ್ಗುವುದು, ಅದು ಅವರ ಹೆದರಿಕೆ.

ಕುಂದಾಪುರದಿಂದ:

ಗೊಂಬೆ ಅಂದರೆ ಮಕ್ಕಳದ್ದು ಅಂತ ಯಾರು ಹೇಳಿದ್ದು? ಉಪ್ಪಿನಕುದ್ರುವಿನಲ್ಲಿ ಸೂತ್ರದ ಗೊಂಬೆ ಇಡೀ ಯಕ್ಷಗಾನ ಪ್ರಸಂಗ ಆಡುತ್ತದೆ, ಮುಂದೆ ಕೂತು ನೋಡುವವರು ದೊಡ್ಡವರೇ. ಗೊಂಬೆ ಇಡಿ. ‘ಮುಟ್ಟಬೇಡಿ’ ಅಂತ ಇನ್ನೊಂದು ಬೋರ್ಡು ಹಾಕಿ.

ಆಟ ಅಂದ ಕೂಡಲೇ ಕೀಳು ಅಲ್ಲ. ಪ್ರಷ್ಯದ ಸೇನೆಯಲ್ಲಿ 1824ರಲ್ಲೇ ಅಧಿಕಾರಿಗಳಿಗೆ ನಕ್ಷೆಯ ಮೇಲೆ ದಾಳ ಹಾಕಿ ಯುದ್ಧದಾಟ ಆಡಿಸುತ್ತಿದ್ದರು.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ಗೊಂಬೆ ಬಿಂಬದ ತದ್ಭವ. ಆಕ್ಷೇಪ ಇಲ್ಲ.

ಸುರತ್ಕಲ್‌ನಿಂದ, ಅನುವಾದಕಿ:

ತಮಿಳಿನಲ್ಲಿ ಬೊಮ್ಮೈ, ತೆಲುಗಿನಲ್ಲಿ ಬೊಮ್ಮ, ನಮ್ಮಲ್ಲಿ ಬೊಂಬೆ. ಮೂರೂ ಕಡೆ ಇರುವಾಗ ಎಲ್ಲವನ್ನೂ ಬಿಂಬಕ್ಕೆ ಕಟ್ಟುವುದು ಎಂತದ್ದು? ಅಚ್ಚಗನ್ನಡ ಬೇಕು ಅಂದವರು ಅಚ್ಚಗನ್ನಡ ಎದುರಿಗೆ ಬಂದಾಗ ಅದನ್ನು ಸಂಸ್ಕೃತಕ್ಕೆ ಕೊಟ್ಟುಬಿಟ್ಟರು. ಸಂಸ್ಕೃತದಂತೆ ಕೇಳಿಸುವ ಚಿಕಣಿಯನ್ನು ಮಾತ್ರ ಇಟ್ಟುಕೊಂಡರು. ಮೆಚ್ಚಬೇಕು.

ಕಿನ್ನಿಗೋಳಿಯಿಂದ, ಮೂರ್ತಿ ಬಣ್ಣದ ಕೆಲಸ:

ನಾನು ಚೌತಿಗೆ ಗಣಪತಿಗೆ ಬಣ್ಣ ಕೊಡುವವನು. ನಿಮ್ಮ ಇಂಗ್ಲಿಷ್ ಪದ ಗೊತ್ತಿಲ್ಲ. ಕೆಲಸ ಹೇಗೆ ಅಂತ ಬರೆದರೆ ನಾವು ಏನನ್ನುತ್ತೇವೆ ಅಂತ ಹೇಳಬಹುದು.

ಮಣ್ಣಗುಡ್ಡೆ, ಮಂಗಳೂರಿನಿಂದ:

ಒಳ್ಳೇದಾಯಿತು ಅಣ್ಣಾ, ಬರೆಯುತ್ತೇನೆ. ಟಿಪ್ಪುವಿನ ಕಾಲಾಳಿನ ಅಂಗಿ ತೆಗೆದುಕೊಳ್ಳಿ. ನೇರಳೆ ಬಟ್ಟೆ, ಅದರ ಮೇಲೆ ಬಿಳಿ ಹುಲಿಮಚ್ಚೆ. ಮೊದಲು ಪ್ರೈಮರ್. ಇಡೀ ಅಂಗಿಗೆ ನೇರಳೆ ತೆಳ್ಳಗೆ ಎರಡು ಕೈ. ಅದು ಒಣಗಿದ ಮೇಲೆ ಕಪ್ಪುನೇರಳೆಯನ್ನು ಹೆಚ್ಚು ಕಡಿಮೆ ನೀರೇ ಆಗುವಷ್ಟು ತೆಳು ಮಾಡಿ ಮೇಲಿಂದ ಬಿಡುತ್ತೇವೆ. ಉಬ್ಬಿನಲ್ಲಿ ನಿಲ್ಲುವುದಿಲ್ಲ, ಇಳಿದು ಹೋಗಿ ನೆರಿಗೆಯ ಒಳಗೆ, ಪಟ್ಟಿಯ ಅಂಚಿನಲ್ಲಿ, ಕಂಕುಳಲ್ಲಿ ಕೂತುಕೊಳ್ಳುತ್ತದೆ. ನೆರಳು ಬಿದ್ದ ಹಾಗೆ ಕಾಣುತ್ತದೆ. ಇದು ವಾಶ್. ಜಾಸ್ತಿ ಆದರೆ ಕಾಲಿನ ಹತ್ತಿರ ಕೆರೆ ಕಟ್ಟುತ್ತದೆ, ಒದ್ದೆ ಬ್ರಶ್ಶಿನ ತುದಿಯಿಂದ ಹೀರಬೇಕು.

ಡ್ರೈ ಬ್ರಶ್ ಇದಕ್ಕೆ ಪೂರಾ ಉಲ್ಟಾ. ಹಳೇ ಬ್ರಶ್ಶಿಗೆ ತಿಳಿಬಣ್ಣ ಹತ್ತಿಸಿ, ಟಿಶ್ಯೂ ಮೇಲೆ ಒರೆಸಿ ಒರೆಸಿ ಇನ್ನು ಏನೂ ಉಳಿದಿಲ್ಲ ಅನ್ನುವಷ್ಟು ತೆಗೆದು, ಕುದುರೆಯ ಕೇಸರದ ಮೇಲೋ ತುಪ್ಪಳದ ಟೊಪ್ಪಿಯ ಮೇಲೋ ಅಡ್ಡಕ್ಕೆ ಆಡಿಸುವುದು. ಉಬ್ಬಿದ ಎಳೆ ಮಾತ್ರ ಬಣ್ಣ ಹಿಡಿಯುತ್ತದೆ, ತಗ್ಗು ಹಾಗೇ ಇರುತ್ತದೆ. ಮಚ್ಚೆ ಇಡುವುದು ಕೊನೆಗೆ, ಅದಕ್ಕೆ ಕೋಲಿನ್ಸ್ಕಿ ಕೂದಲಿನ ಒಳ್ಳೆ ಬ್ರಶ್ಶೇ ಬೇಕು. ಡ್ರೈ ಬ್ರಶ್ಶಿಗೆ ಅದನ್ನು ಮುಟ್ಟಿಸಿದರೆ ತುದಿ ಹೋಯಿತು ಅಂತಲೇ ಲೆಕ್ಕ.

ಬೇಸ್ ಅಂದರೆ ಕಾಲಡಿಯ ಬಿಲ್ಲೆ, ಸಾಮಾನ್ಯ 25 ಮಿಲಿಮೀಟರ್ ಅಗಲದ್ದು. ಅದರ ಮೇಲೆ ಆ ಜಾಗದ ನೆಲ ಮಾಡಬೇಕು. ಅಂಗಡಿಯಲ್ಲಿ ಸಿಗುವುದು ಯುರೋಪಿನ ಕಂದು ಮಣ್ಣು, ನಮ್ಮದಕ್ಕೆ ಆಗುವುದಿಲ್ಲ. ನಾವು ಮುರಕಲ್ಲು ಕುಟ್ಟಿ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಫೆವಿಕಾಲ್ ಮೇಲೆ ಉದುರಿಸಿದ್ದೇವೆ. ಅದಕ್ಕೆ ಬಣ್ಣ ಬೇಡ, ಮಂಗಳೂರು ಅಂತ ತಾನೇ ಹೇಳುತ್ತದೆ.

ಕಿನ್ನಿಗೋಳಿಯಿಂದ, ಮೂರ್ತಿ ಬಣ್ಣದ ಕೆಲಸ:

ಎರಡನೆಯದು ನಾವೂ ಮಾಡುತ್ತೇವೆ, ಕಿರೀಟಕ್ಕೆ ಚಿನ್ನದ ಬಣ್ಣ ಹಾಗೇ ಕೊಡುವುದು. ‘ತೀಡುವುದು’ ಅಂತ ನಾನು ಹೇಳುತ್ತೇನೆ. ಕಾಡಿಗೆ ತೀಡಿದ ಹಾಗೆ, ಒತ್ತಬಾರದು. ಮೊದಲನೆಯದಕ್ಕೆ ನಮ್ಮಲ್ಲಿ ಹೆಸರು ಇಲ್ಲ, ‘ನೀರುಬಣ್ಣ ಬಿಡು’ ಅಂತ ಹುಡುಗರಿಗೆ ಹೇಳುತ್ತೇನೆ ಅಷ್ಟೇ. ಬಿಲ್ಲೆಗೆ ‘ಮಣೆ’. ಗಣಪತಿ ಕೂರುವುದೂ ಮಣೆಯ ಮೇಲೆ.

ಬ್ರಹ್ಮಾವರದಿಂದ:

ವಾಶ್‌ಗೆ ‘ಓಕುಳಿ’! ತೆಳು ಬಣ್ಣದ ನೀರು, ಮೈಮೇಲೆ ಬಿಡುವುದು, ಇಳಿದು ಹೋಗುವುದು. ಇನ್ನೇನು ಬೇಕು? ‘ಓಕುಳಿ ಬಿಡುವುದು’.

ಬಿಜೈಯಿಂದ:

ಓಕುಳಿ ಕೆಂಪು. ಕಪ್ಪು ಓಕುಳಿ ಯಾರು ನೋಡಿದ್ದಾರೆ?

ಸುರತ್ಕಲ್‌ನಿಂದ, ಅನುವಾದಕಿ:

ಕಪ್ಪು ಓಕುಳಿ ಚೆನ್ನಾಗೇ ಉಂಟು. ಪದ ಹಿಗ್ಗುವುದು ಹೀಗೇ. ನಾನು ಪುತ್ಥಳಿ ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ‘ತೀಡು’ ಮತ್ತು ‘ಮಣೆ’ಗೆ ನನ್ನ ಓಟು. ಬರೆದ ಕೂಡಲೇ ಕೈ ಹೇಗೆ ಆಡುತ್ತದೆ ಅಂತ ಗೊತ್ತಾಗುತ್ತದೆ.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ಓಕುಳಿ, ತೀಡು, ಮಣೆ, ಮೂರೂ ಸರಿ. ನೋಡಿ, ಹುಡುಕಿದರೆ ಸಿಗುತ್ತದೆ. ಆದರೆ ಮೂಲ ಪತ್ರದಲ್ಲಿ ‘ಸಿಪಾಯಿ’, ‘ಪ್ರೈಮರ್’, ‘ಬ್ರಶ್’, ‘ಬೋರ್ಡು’, ‘ಮ್ಯಾಟರ್’, ‘ಅರ್ಜೆಂಟು’. ಬರೆಯುವವರೇ ಹೀಗಾದರೆ ನಾವು ಯಾರನ್ನು ದೂರುವುದು? ಸಿಪಾಯಿ ಪಾರ್ಸಿ. ‘ಕಾಲಾಳು’ ಇದೆಯಲ್ಲ. ಬ್ರಶ್‌ಗೆ ಕುಂಚ. ಇಷ್ಟಾದರೂ ಮಾಡಬಹುದು.

ಬಿಜೈಯಿಂದ:

ಕುಂಚ ಎಲ್ಲಿಂದ ಬಂತು ಮಾಷ್ಟ್ರೇ? ಸಂಸ್ಕೃತದ ಕೂರ್ಚ. ಬಣ್ಣ? ವರ್ಣ. ನೀವು ಹಳೇ ಸಾಲಕ್ಕೆ ಆಸ್ತಿ ಅನ್ನುತ್ತೀರಿ, ಹೊಸ ಸಾಲಕ್ಕೆ ಸಾಲ ಅನ್ನುತ್ತೀರಿ. ಮಂಗಳೂರಿನಲ್ಲಿ ಕೂತು ಪೋರ್ಚುಗೀಸರ ಜನೇಲು, ಪಗಾರ ಬಿಟ್ಟು ಮಾತಾಡಿ ನೋಡುವ. ಕಿಟಕಿ ತೆರೆಯಿರಿ, ಸಂಬಳ ಕೇಳಿ.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ಸಾವಿರ ವರ್ಷ ಬಾಯಲ್ಲಿ ಆಡಿ ತದ್ಭವವಾದದ್ದಕ್ಕೂ ನಿನ್ನೆ ಅಂಗಡಿಯಿಂದ ಬಂದದ್ದಕ್ಕೂ ವ್ಯತ್ಯಾಸ ಕಾಣದವರ ಜೊತೆ ವಾದ ಮಾಡಲಾರೆ.

ಕುಂದಾಪುರದಿಂದ:

‘ಸಿಪಾಯಿ’ ಇಲ್ಲಿ ಬೇಕು ಮಾಷ್ಟ್ರೇ, ಅದು ಅಲಂಕಾರಕ್ಕೆ ಅಲ್ಲ. ಬೊಂಬಾಯಿ ಸೈನ್ಯದ ಆ ಜನರ ಹೆಸರೇ ಸಿಪಾಯಿಗಳು. ಇಂದಿನ ಗ್ರೆನೇಡಿಯರ್ಸ್ ರೆಜಿಮೆಂಟಿನ ಹಳೇ ಯುದ್ಧಗೌರವಗಳಲ್ಲಿ ‘ಮಂಗಳೂರು’ ಇರುವುದು ಈ ಮುತ್ತಿಗೆಯಿಂದಲೇ. ಟಿಪ್ಪುವಿನ ಕಡೆಯವರು ಕಾಲಾಳು, ಕೋಟೆಯ ಒಳಗಿನವರು ಸಿಪಾಯಿ. ಎರಡನ್ನೂ ಇಟ್ಟುಕೊಂಡರೆ ನೋಡುವವರಿಗೆ ಯಾರು ಯಾರು ಅಂತ ಗೊತ್ತಾಗುತ್ತದೆ. ಒಂದೇ ಪದಕ್ಕೆ ಇಳಿಸಿದರೆ ಚರಿತ್ರೆಯೇ ಹೋಯಿತು, ಉಳಿದದ್ದು ಬರೀ ಬಣ್ಣ.

ದೊಡ್ಡ ಸಾಲಿಗೆ ‘ಗೊಂಬೆಪಡೆ’ ಹೇಗೆ?

ಸುರತ್ಕಲ್‌ನಿಂದ, ಅನುವಾದಕಿ:

ಬೇಡ. ಯಾರಾದರೂ ಆದೇಶ ಸಂಧಿ ಮಾಡಿ ‘ಗೊಂಬೆವಡೆ’ ಮಾಡುತ್ತಾರೆ, ಆಮೇಲೆ ಹಾಲಿನ ಹೊರಗೆ ಚಟ್ನಿ ಸಾಂಬಾರಿಗೆ ಕ್ಯೂ ನಿಲ್ಲುತ್ತದೆ. ‘ಗೊಂಬೆದಂಡು’ ಮಾಡಿ.

ಮಣ್ಣಗುಡ್ಡೆ, ಮಂಗಳೂರಿನಿಂದ:

ಗೊಂಬೆದಂಡು! ಇದು ಗುಂಪಿನವರಿಗೂ ಹಿಡಿಸಿತು. ‘ದಂಡು’ ಬಂದ ಕೂಡಲೇ ಆಟಿಕೆ ಅನ್ನುವ ಹೆದರಿಕೆ ಹೋಯಿತು. ಬೋರ್ಡಿಗೆ ಕಳಿಸುತ್ತಿರುವುದು ಹೀಗೆ:

‘ಮಂಗಳೂರು ಮುತ್ತಿಗೆ 1783–84. ಮೇಜಿನ ಮೇಲೆ ಗೊಂಬೆದಂಡು.’

ಪಕ್ಕದ ಫಲಕ: ‘ಪ್ರೈಮರ್ ಹೊಡೆದು, ಬಣ್ಣ ಕೊಟ್ಟು, ಓಕುಳಿ ಬಿಟ್ಟು, ತಿಳಿಬಣ್ಣ ತೀಡಿ, ಮಣೆಗೆ ಮುರಕಲ್ಲಿನ ಪುಡಿ ಹಾಕಿದೆ.’ ಪ್ರೈಮರ್ ಹಾಗೇ ಇರಲಿ. ಗೋಡೆಗೆ ಪೇಂಟ್ ಹೊಡೆಯುವವರೂ ಪ್ರೈಮರ್ ಅಂತಲೇ ಹೇಳುವುದು. ಕೊನೆಯಲ್ಲಿ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಬಗ್ಗೆ, ಬೋಳೂರಿನ ಕಾವಲು ಬುರುಜು ಸುಲ್ತಾನ್ ಬತ್ತೇರಿ ಬಗ್ಗೆ ಒಂದೊಂದು ಸಾಲು.

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

‘ದಂಡು’ ತದ್ಭವ ಅಂತ ಹಿಡಿದರೂ ಸಮಾಸಕ್ಕೆ ದೋಷ ಇಲ್ಲ. ‘ಮೇಜು’ ತೆಗೆಯಿರಿ.

ಬಿಜೈಯಿಂದ:

ತೆಗೆದು ಗೊಂಬೆಗಳನ್ನು ನೆಲದ ಮೇಲೆ ಇಡುವುದಾ?

ಉಡುಪಿಯಿಂದ, ನಿವೃತ್ತ ಮಾಷ್ಟ್ರು:

ಪಾರ್ಸಿಯ ‘ಮೇಜ್’ ಅದು.

ಸುರತ್ಕಲ್‌ನಿಂದ, ಅನುವಾದಕಿ:

ಪೋರ್ಚುಗೀಸಿನ ‘ಮೇಸಾ’ ಯಾಕೆ ಆಗಬಾರದು? ಈ ಕರಾವಳಿಗೆ ಯಾರು ಮೇಜು ತಂದರು ಅಂತ ಮೊದಲು ನೋಡಬೇಕು. ಬೇರೆ ಎಳೆ ಶುರು ಮಾಡುತ್ತೇನೆ.

ಕಿನ್ನಿಗೋಳಿಯಿಂದ, ಮೂರ್ತಿ ಬಣ್ಣದ ಕೆಲಸ:

ಒಂದು ಕೇಳುವುದುಂಟು. ಮಳೆಗಾಲದಲ್ಲಿ ಸ್ಪ್ರೇ ವಾರ್ನಿಶ್ ಹೊಡೆದರೆ ಬೆಳ್ಳಗೆ ಮಂಜು ಹಿಡಿಯುತ್ತದಲ್ಲ, ನಿಮ್ಮ ಸಣ್ಣವಕ್ಕೆ ಏನು ಮಾಡುತ್ತೀರಿ?

ಮಣ್ಣಗುಡ್ಡೆ, ಮಂಗಳೂರಿನಿಂದ:

ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಸ್ಪ್ರೇ ಮುಟ್ಟುವುದೇ ಇಲ್ಲ ಅಣ್ಣಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರೈಮರ್, ವಾರ್ನಿಶ್ ಎರಡೂ ಬ್ರಶ್ಶಿನಲ್ಲೇ, ತೆಳ್ಳಗೆ. ಅಕ್ರಿಲಿಕ್ ಒಣಗಲು ನಿಧಾನ ಆಗುತ್ತದೆ, ಹಾಗಾಗಿ ಒಂದು ಕೈಗೂ ಮುಂದಿನ ಕೈಗೂ ನಡುವೆ ರಾತ್ರಿ ಬಿಡುತ್ತೇವೆ. ಭಾನುವಾರ ಬನ್ನಿ, ನಿಮ್ಮ ಕಿರೀಟದ ಚಿನ್ನ ತೀಡುವುದನ್ನು ನಮ್ಮ ಹುಡುಗರಿಗೆ ತೋರಿಸಬೇಕು.