ಸಹಾಯ ಬೇಕು: ಫ್ರೆಡರಿಕ್ ಡಗ್ಲಸ್ ಮನಸ್ಸು ಬದಲಾಯಿಸಿದ್ದು ಯಾರ ಪ್ರಭಾವದಿಂದ?

ಎಲ್ರಿಗೂ ನಮಸ್ಕಾರ, ಅಮೆರಿಕದ ಗುಲಾಮಗಿರಿ ವಿರೋಧಿ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಬಗ್ಗೆ ಸೆಮಿನಾರ್ ಪೇಪರ್ ಬರೀತಿದೀನಿ, ಒಂದ್ ಕಡೆ ಪೂರ್ತಿ ಸ್ಟಕ್ ಆಗಿದೀನಿ. ಮೊದ್ಲು ಅವ್ರು ಇನ್ನೊಬ್ಬ ಗುಲಾಮಗಿರಿ ವಿರೋಧಿ ನಾಯಕ ಗ್ಯಾರಿಸನ್ ಜೊತೆ ಇದ್ರು, ಅಮೆರಿಕದ ಸಂವಿಧಾನ ಗುಲಾಮಗಿರಿ ಪರ ಅಂತಾನೇ ವಾದ. 1851ರಲ್ಲಿ ಉಲ್ಟಾ, ಅದೇ ಸಂವಿಧಾನ ಗುಲಾಮಗಿರಿ ವಿರುದ್ಧದ ಅಸ್ತ್ರ ಅಂದ್ರು. 1852ರ ಜುಲೈ 5ರ ಭಾಷಣದಲ್ಲಿ ಈ ವಾದಕ್ಕೆ ಇದನ್ನೇ ಹೇಳ್ತಿದ್ದ ಗುಲಾಮಗಿರಿ ವಿರೋಧಿಗಳಾದ ಸ್ಪೂನರ್, ಗುಡೆಲ್, ಸೀವಾಲ್, ಗೆರಿಟ್ ಸ್ಮಿತ್ ಹೆಸ್ರು ಹೇಳ್ತಾರೆ.

ಆ ಭಾಷಣ, 1855ರ ಆತ್ಮಕಥೆ ಎರಡೂ ಓದ್ದೆ. ಆದ್ರೆ 1851ರಲ್ಲೇ ಅವ್ರ ಪತ್ರಿಕೆ ಸ್ಮಿತ್ ಬೆಂಬಲದ ಪತ್ರಿಕೆ ಜೊತೆ ಸೇರ್ತು, ಸ್ಮಿತ್ ದುಡ್ಡೂ ಕೊಡ್ತಿದ್ರು, ಹಾಗಾಗಿ ದುಡ್ಡಿಗೋಸ್ಕರ ಬದಲಾದ್ರು ಅನ್ನೋರಿದಾರೆ. ನಂಗೆ ಅದು ಅನ್ಯಾಯ ಅನ್ಸುತ್ತೆ, ಯಾಕಂದ್ರೆ 1849ರಲ್ಲೇ ಸಂವಿಧಾನನ ಬರೀ ಅಕ್ಷರಶಃ ಓದಿದ್ರೆ ಅದು ಗುಲಾಮಗಿರಿ ಪರ ಅಲ್ಲ ಅಂತ ಬರ್ದಿದ್ರು, ಆದ್ರೆ ಅದನ್ನ ಬರೆದೋರ ಉದ್ದೇಶ ಗುಲಾಮಗಿರಿ ಪರಾನೇ ಇತ್ತು ಅಂತ ಹಳೇ ನಿಲುವಲ್ಲೇ ನಿಂತಿದ್ರು.

ನನ್ನ ಪ್ರಶ್ನೆ ಇಷ್ಟೇ: 1849ರಿಂದ 1851ರ ನಡುವೆ ಆ "ಉದ್ದೇಶ"ದ ವಾದ ಬಿಡೋಕೆ ಸ್ಪೂನರ್ ಅವರ ಸಹಜ ಹಕ್ಕಿನ (ಹುಟ್ಟಿನಿಂದ್ಲೇ ಎಲ್ರಿಗೂ ಇರೋ ಹಕ್ಕಿನ) ತರ್ಕ ಮುಖ್ಯ ಕಾರಣನಾ, ಇಲ್ಲ ಸ್ಮಿತ್ ಜೊತೆಗಿನ ಪತ್ರವ್ಯವಹಾರನಾ? ಯಾವ ಪತ್ರ, ಯಾವ ಲೇಖನ ನೋಡ್ಲಿ ಅಂತ ಗೊತ್ತಿರೋರು ದಯವಿಟ್ಟು ಹೇಳ್ತೀರಾ?