ಸರ್ವೆ ಕ್ಲೋನ್ ತೋಪು: ನಿಮ್ಮ ಪ್ರಶ್ನೆ, ತಳಿತಜ್ಞೆಯ ಉತ್ತರ

ಚಿಂತಾಮಣಿ ರೈತ: ಮೇಡಂ, ಆರು ಎಕರೆ ಸರ್ವೆ, ಮೂರನೇ ವರ್ಷ. 5×5 ಅಡಿ ಅಂತರ, ಪೂರಾ ಒಂದೇ ಕ್ಲೋನ್, ಅಂದ್ರೆ ಒಂದೇ ಮರದ ಕಡ್ಡಿಯಿಂದ ಬೆಳೆಸಿದ ಸಸಿ. ಒಂದು ಮೂಲೇಲಿ ಇಪ್ಪತ್ತು ಮರ ಒಣಗ್ತಿವೆ, ತೊಗಟೇಲಿ ಗುಳ್ಳೆ ಎದ್ದಿದೆ. ನೀರು ಸಾಲದಾಯ್ತಾ?

ತಳಿತಜ್ಞೆ: ನೀರಿನದಲ್ಲ ಅನ್ನಿಸುತ್ತೆ. ಒಂದು ಗುಳ್ಳೆ ಚಾಕುವಿನಿಂದ ಬಿಡಿಸಿ. ಮಸಿಯಂಥ ಕಪ್ಪು ಪುಡಿ ಬೆರಳಿಗೆ ಹತ್ತಿದರೆ ತೊಗಟೆ ಗುಳ್ಳೆ ರೋಗ, ಟ್ರೈಕೋಸ್ಪೋರಿಯಂ ಶಿಲೀಂಧ್ರದ್ದು. ಆ ಪುಡಿಯೇ ಬೀಜಕಣ, ಅದೇ ಚಾಕು ಇನ್ನೊಂದು ಮರಕ್ಕೆ ತಾಗಿಸಬೇಡಿ. ಹಿಡಿದ ಮರ ಉಳಿಯಲ್ಲ. ಬೇರುಸಮೇತ ಕಿತ್ತು ಅಲ್ಲೇ ಸುಡಿ. ಬೇರಿಗೆ ಬೇರು ತಾಗಿಯೂ ಹರಡುತ್ತೆ, ಅದಕ್ಕೆ ಚೆನ್ನಾಗಿ ಕಾಣೋ ಎರಡು ಸಾಲನ್ನೂ ಒಳಗೆ ಸೇರಿಸಿ ಸುತ್ತ ಎರಡಡಿ ಆಳದ ಕಂದಕ ತೆಗೆಸಿ. ನಿಮ್ಮ ಆರು ಎಕರೆಗೆ ಹತ್ತು ಸಾವಿರ ಚಿಲ್ಲರೆ ಗಿಡ ಆಗುತ್ತೆ, ತಳಿ ಲೆಕ್ಕದಲ್ಲಿ ಇರೋದು ಒಂದೇ ಗಿಡ. ಮೂಲೆಯದಕ್ಕೆ ರೋಗ ತಡೆಯೋ ಶಕ್ತಿ ಇಲ್ಲ ಅಂದರೆ ಉಳಿದವಕ್ಕೂ ಇಲ್ಲ.

ಶಿರಾ: ಫಾರ್ವರ್ಡ್ ಬಂದಿದೆ: ಗೋಮೂತ್ರ, ಸುಣ್ಣ, ಮೈಲುತುತ್ತ ಕಲಸಿ ಬಳಿದರೆ ಏಳು ದಿನದಲ್ಲಿ ಗುಳ್ಳೆ ಮಾಯ.

ತಳಿತಜ್ಞೆ: ಮೈಲುತುತ್ತ ತೊಗಟೆ ಮೇಲೆ, ರೋಗ ತೊಗಟೆ ಕೆಳಗೆ. ನೀವು ಬಳೀತಾ ಕೂತ ವಾರದಲ್ಲಿ ಗುಳ್ಳೆ ಒಡೆದು ಪುಡಿ ಗಾಳಿಗೆ ಹೋಗುತ್ತೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಮಾಲೂರು: ಯಾವ ಕ್ಲೋನ್ ಬೆಸ್ಟ್?

ತಳಿತಜ್ಞೆ: ಒಂದೇ ಬೆಸ್ಟ್ ಹುಡುಕಿದ್ದಕ್ಕೇ ಮೇಲಿನ ಗತಿ.

ಶಿರಾ: ಬೀಜದ ಸಸಿ ಹಾಕಿ, ಕ್ಲೋನಿನ ಗೊಡವೆಯೇ ಬೇಡ.

ಕುಣಿಗಲ್: ಹಾಕಿ, ಆಮೇಲೆ ಒಂದು ಗಳ ತೊಡೆಗಾತ್ರ, ಒಂದು ಹೆಬ್ಬೆರಳು. ಯಾರು ಕೊಳ್ತಾರೆ?

ಶಿರಾ: ಒಣಗಿದ ಗಳ ಕೊಳ್ತಾರಾ ಸ್ವಾಮಿ?

ತಳಿತಜ್ಞೆ: ರಸ್ತೆಬದಿಯ ಒಂದು ಮರದಿಂದ ಆರಿಸಿದ ಬೀಜವೂ ಒಂದೇ ತಾಯಿಯದು. ಕಡೇಪಕ್ಷ ಇಪ್ಪತ್ತು ಮರ, ಅದೂ ದೂರದೂರದ್ದು ಬೇಕು.

ಕೋಲಾರ: ಹೀಗೆ ಒಂದೇ ಕ್ಲೋನ್ ಮಾರೋದಕ್ಕೆ ಕಾನೂನಿನ ತಡೆ ಇಲ್ವಾ?

ತಳಿತಜ್ಞೆ: 1966ರ ಬೀಜ ಕಾಯ್ದೆಯ ವ್ಯಾಖ್ಯೆ ಆಹಾರ ಬೆಳೆ, ಹತ್ತಿ, ಸೆಣಬು, ಮೇವಿನ ಸುತ್ತ ನಿಲ್ಲುತ್ತೆ, ಸರ್ವೆ ಸಸಿ ಅದರೊಳಗೆ ಬರಲ್ಲ. ಅರಣ್ಯ ಬೀಜ, ಸಸಿ ಮಾರಾಟದ ಬಗ್ಗೆ ಯುರೋಪಿನ ಒಕ್ಕೂಟ 1999ರಲ್ಲಿ ತಂದ ನಿರ್ದೇಶನದಲ್ಲಿ, ಕ್ಲೋನಿಗೆ ಅನುಮತಿ ಕೊಡುವಾಗ ಇಷ್ಟು ವರ್ಷ, ಇಲ್ಲವೇ ಇಷ್ಟು ಗಿಡ ಅಂತ ಮಿತಿ ಹಾಕಬೇಕು ಅಂತಿದೆ. ಅವರಿಗೂ ಪೆಟ್ಟು ಬಿದ್ದಿದೆ. ಬೆಲ್ಜಿಯಂನ ಬೋಪ್ರೆ ಅನ್ನೋ ಪಾಪ್ಲರ್ ಮರದ ಕ್ಲೋನಿಗೆ ತುಕ್ಕುರೋಗ ತಟ್ಟಲ್ಲ ಅಂತ ಉತ್ತರ ಫ್ರಾನ್ಸಿನ ತುಂಬ ನೆಟ್ಟರು. 1994ರಲ್ಲಿ ಶಿಲೀಂಧ್ರದ ಇ4 ಅನ್ನೋ ಹೊಸ ಬಗೆ ಬಂದು ಆ ನಿರೋಧ ಮುರೀತು.

ಕುಣಿಗಲ್: ಹಂಗಾದ್ರೆ ಏಳೆಂಟು ಕ್ಲೋನ್ ಸಾಲಿಗೊಂದರಂತೆ ಬೆರೆಸಿದರೆ ಸರಿಯಾ?

ತಳಿತಜ್ಞೆ: ಸಾಲಿಗೊಂದು ಬೇಡ. ಜೋರಾಗಿ ಬೆಳೆಯೋದು ಪಕ್ಕದ್ದನ್ನ ನೆರಳಲ್ಲಿ ಕೊಲ್ಲುತ್ತೆ. ಅರ್ಧ ಎಕರೆಗೊಂದು ಕ್ಲೋನ್, ಅಕ್ಕಪಕ್ಕದ ತುಂಡಲ್ಲಿ ಬೇರೆ ಬೇರೆ. ತುಂಡಿಗೊಂದು ಫಲಕ, ನಕ್ಷೆ ಮನೇಲಿ. ನರ್ಸರಿಯಲ್ಲಿ ಕ್ಲೋನ್ ಸಂಖ್ಯೆಯ ಜೊತೆ ತಂದೆತಾಯಿ ಯಾವುದು ಅಂತಲೂ ಕೇಳಿ. ಒಂದೇ ಜೋಡಿಯ ಎರಡು ಮಕ್ಕಳನ್ನ ಪೂರ್ತಿ ಎರಡು ಅಂತ ಎಣಿಸೋಕಾಗಲ್ಲ.

ಹೊಸಕೋಟೆ: ಇಷ್ಟೆಲ್ಲ ಯಾಕೆ, ನೀಲಗಿರಿ ಹಾಕಿದ್ರೆ?

ತಳಿತಜ್ಞೆ: ರಾಜ್ಯದಲ್ಲಿ 2017ರ ಆದೇಶ ಹೊಸ ನೀಲಗಿರಿ ನಿಷೇಧಿಸಿತ್ತು.

ಮಾಲೂರು: ಮೇಡಂ, ಬೆಸ್ಟ್ ಕ್ಲೋನ್ ನಂಬರ್ ಒಂದು ಹೇಳಿ ಸಾಕು.

ಕೋಲಾರ: ಮೇಲೆ ಓದೋಕೆ ಏನ್ರೀ ಕಷ್ಟ?

ಚಿಂತಾಮಣಿ ರೈತ: ಮೇಡಂ, ಬಿಡಿಸಿದೆ. ಕಪ್ಪು ಪುಡಿ.

ತಳಿತಜ್ಞೆ: ಗಾಳಿ ಯಾವ ಕಡೆ ಬೀಸ್ತಿದೆ? ಆ ಕಡೆಯ ಸಾಲು ಮೊದಲು ನೋಡಿ. ಕಂದಕ ನಾಳೆಗೆ ಬಿಡಬೇಡಿ. ಖಾಲಿಯಾದ ಮೂಲೆಗೆ ಮತ್ತೆ ಸರ್ವೆ ನೆಡಬೇಡಿ.